ಬೇಡ ಎಂದವರಿಗೊಂದು ಸಂತಾಪ ನಿರ್ಣಯ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಟೆಕ್ಸಸ್‌ನ ಅಲೆನ್ ಊರಿನ ನಮ್ಮ ಮನೆಗೆ ಬಂದವರೆಲ್ಲ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು. ‘ಎಂಥ ಸಾಧು ಮನುಷ್ಯ. ಒಬ್ಬರಿಗೆ ಎದುರು ಮಾತಾಡಿದವರಲ್ಲ.’ ಚಪ್ಪಲಿ ಬಿಟ್ಟು ಒಳಗೆ ಬಂದು, ಸೋಫಾದ ತುದಿಯಲ್ಲಿ ಕೂತು, ತಂದ ಸಾರಿನ ಡಬ್ಬಿಯನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲೇ ಹಿಡಿದುಕೊಂಡು ಈ ಮಾತು ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಸಾವಿನ ಮನೆಯಲ್ಲಿ ಆಡುವ ಮಾತು ಅದು. ನಾನೂ ಬೇರೆಯವರ ಮನೆಗಳಲ್ಲಿ ಆಡಿದ್ದೇನೆ. ಆದರೆ ಅವರು ಎದ್ದು ಹೋದ ಮೇಲೆ ನನಗೆ ಇನ್ಯಾರದೋ ಗಂಡನ ವಿಷಯ ಕೇಳಿಸಿಕೊಂಡ ಹಾಗಿರುತ್ತಿತ್ತು.

ನನ್ನ ಗಂಡ ಎದುರು ಮಾತಾಡುತ್ತಿದ್ದರು. ದನಿ ಏರಿಸುತ್ತಿರಲಿಲ್ಲ, ಅದು ನಿಜ. ಟಿ.ವಿ.ಯಲ್ಲಿ ಯಾರಾದರೂ ಏನಾದರೂ ಹೇಳಿದರೆ ತಟ್ಟೆಯಿಂದ ತಲೆಯೆತ್ತದೆ ‘ಹಾಗಲ್ಲ’ ಅನ್ನುತ್ತಿದ್ದರು. ಗೃಹಪ್ರವೇಶಕ್ಕೆ ಬಂದ ಪುರೋಹಿತರಿಗೆ ಅಂದಿದ್ದಾರೆ, ನನ್ನ ತಮ್ಮನಿಗೆ ಅಂದಿದ್ದಾರೆ, ಕೆಲಸ ಕೊಡಲು ಕರೆದ ಕಂಪನಿಯ ಮುಖ್ಯಸ್ಥನಿಗೆ ಇಂಟರ್‌ವ್ಯೂನಲ್ಲೇ ಅಂದಿದ್ದರಂತೆ. ನನಗಂತೂ ಲೆಕ್ಕವಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ನಾನು ಹೇಳಿದ್ದೇ ನಡೆಯತೊಡಗಿತು. ಎ.ಸಿ. ನಾನಿಟ್ಟ ಅಂಕಿಯಲ್ಲೇ ನಿಂತಿತು. ಸಾರಿಗೆ ಉಪ್ಪು ಸರಿಯಾಗಿದೆ ಎಂದು ನಾನೇ ತೀರ್ಮಾನಿಸಿದೆ. ಅದು ನನಗೆ ತುಂಬ ಕಷ್ಟವಾಯಿತು. ಜನ ಹೊಗಳಿದಷ್ಟೂ ಅವರ ದನಿ ನನ್ನ ಕಿವಿಯಿಂದ ಜಾರಿ ಹೋಗುತ್ತಿತ್ತು.

ನಾನು ಓದಿದ್ದು ತುಮಕೂರಿನಲ್ಲಿ, ಪಿಯುಸಿಯವರೆಗೆ. ಮದುವೆಯಾಗಿ ಬಂದದ್ದು ಹ್ಯೂಸ್ಟನ್‌ಗೆ. ಅವರು ರಸ್ತೆಗಳ ನಕ್ಷೆ ತೆಗೆಯುವ ಎಂಜಿನಿಯರು. ಎಲ್ಲಿ ತಿರುವು, ಎಲ್ಲಿ ಮೋರಿ, ಎಲ್ಲಿ ಯಾರ ಜಮೀನು ಬಿಡಬೇಕು ಎಂದು ಗೆರೆ ಎಳೆಯುವ ಕೆಲಸ. ಆಮೇಲೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿ ಅಲೆನ್‌ಗೆ ಶಿಫ್ಟ್ ಆದೆವು. ಈ ದೇಶದ ಸರ್ಕಾರ ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತಿರುವುದೆಲ್ಲ ಅವರು ಅಡುಗೆಮನೆಯಲ್ಲಿ ನಿಂತು ಹೇಳಿದ್ದು. ಪೌರತ್ವದ ಪರೀಕ್ಷೆಗೆ ನಾನು ಪ್ರಶ್ನೋತ್ತರ ಉರು ಹೊಡೆಯುತ್ತಿದ್ದರೆ ಅವರಿಗೆ ಸಮಾಧಾನವಿರಲಿಲ್ಲ.

‘ಸೆನೆಟ್‌ನಲ್ಲಿ ನೂರು ಜನ ಅಂದರೆ ಮುಗೀತೇನೇ? ಇಷ್ಟು ದೊಡ್ಡ ಟೆಕ್ಸಸ್‌ಗೂ ಇಬ್ಬರು, ನಮ್ಮ ತುಮಕೂರು ಜಿಲ್ಲೆಯಷ್ಟು ಜನ ಇಲ್ಲದ ರಾಜ್ಯಕ್ಕೂ ಇಬ್ಬರು. ಯಾಕೆ ಅಂತ ಕೇಳು.’

‘ಯಾಕೆ?’

‘ಇಲ್ಲದಿದ್ದರೆ ಆಗಿನ ಸಣ್ಣ ರಾಜ್ಯದವರು ಒಕ್ಕೂಟಕ್ಕೆ ಸೇರ್ತಾನೇ ಇರಲಿಲ್ಲ. ಒಂದು ಬೇಸಿಗೇಲಿ ಕೂತು ರಾಜಿ ಮಾಡಿಕೊಂಡರು. ಆ ರಾಜೀನ ಇವತ್ತಿಗೂ ಬಿಚ್ಚೋಕೆ ಆಗ್ತಿಲ್ಲ.’

‘ಪರೀಕ್ಷೇಲಿ ಇದನ್ನ ಕೇಳ್ತಾರಾ?’

‘ಕೇಳಲ್ಲ. ಅದೇ ಅಲ್ವೇ ತೊಂದರೆ.’

ಹೀಗೆ ವಾದಿಸಲು ಅವರಿಗೆ ಒಬ್ಬ ಜೊತೆಗಾರರೂ ಇದ್ದರು. ಧಾರವಾಡದ ಕಡೆಯ ಡಾಕ್ಟರು. ಹ್ಯೂಸ್ಟನ್‌ನಲ್ಲಿ ನಮ್ಮ ಮೊದಲ ಅಪಾರ್ಟ್‌ಮೆಂಟಿನ ನೆರೆಯವರು, ಈಗ ನಿವೃತ್ತರು. ನನ್ನನ್ನು ಅವರ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಪ್ರತಿ ಭಾನುವಾರ ಕಾಫಿ ಹೊತ್ತಿಗೆ ಅವರ ಫೋನು ಬರುತ್ತಿತ್ತು. ಅಧ್ಯಕ್ಷರನ್ನು ಜನ ನೇರವಾಗಿ ಆರಿಸದೆ ರಾಜ್ಯಗಳ ಲೆಕ್ಕದಲ್ಲಿ ಆರಿಸುವ ಪದ್ಧತಿ ಇದೆಯಲ್ಲ, ಅದರ ಮೇಲೆ ಇಬ್ಬರೂ ವರ್ಷಗಟ್ಟಲೆ ಜಗಳಾಡಿದ್ದಾರೆ. ಡಾಕ್ಟರು ಆ ಪದ್ಧತಿ ಇರಲೇಬೇಕು ಎನ್ನುವವರು. ಇವರು ಬೇಡ ಎನ್ನುವವರು. ನಾನು ಸ್ಪೀಕರ್ ಫೋನಿನ ಪಕ್ಕದಲ್ಲಿ ಕೂತು ಅವಲಕ್ಕಿ ಆರಿಸುತ್ತ ಇಬ್ಬರಿಗೂ ‘ಹೂಂ’ ಅನ್ನುತ್ತಿದ್ದೆ.

ಆದರೆ ನಾನು ಹೇಳಬೇಕೆಂದಿರುವುದು ಇಡೀ ದೇಶದ ವಿಷಯವಲ್ಲ, ನಮ್ಮ ಬೀದಿಯ ವಿಷಯ.

ಇಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗುತ್ತದೆ. ಅದಾದ ಮೇಲೆ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ. ಭಾರತದಲ್ಲಿ ಅದಕ್ಕೆ ಬೇರೆ ಆಯೋಗ ಕೂರುತ್ತದೆ. ಟೆಕ್ಸಸ್‌ನಲ್ಲಿ ಗೆರೆ ಎಳೆಯುವವರು ಶಾಸಕರೇ. ಆ ಗೆರೆಯೊಳಗೆ ಚುನಾವಣೆಗೆ ನಿಲ್ಲುವವರೂ ಅವರೇ. ಇದು ಸರಿಯೋ ತಪ್ಪೋ ಎಂದು ಪತ್ರಿಕೆಗಳಲ್ಲೂ ಕೋರ್ಟುಗಳಲ್ಲೂ ಜಗಳ ನಡೆಯುತ್ತಲೇ ಇರುತ್ತದೆ. ಎರಡೂ ಪಕ್ಷದವರು ತಮ್ಮ ಕೈಗೆ ಪೆನ್ಸಿಲ್ ಸಿಕ್ಕಾಗ ಹೀಗೇ ಮಾಡಿದ್ದಾರೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

2011ರಲ್ಲಿ ರಾಜ್ಯ ಶಾಸನಸಭೆಯ ನಮ್ಮ ಕಡೆಯ ಪ್ರತಿನಿಧಿಯೊಬ್ಬರು ಮಂಡಿಸಿದ ಕರಡು ನಕ್ಷೆಯನ್ನು ಅವರು ಕಂಪ್ಯೂಟರಿನಲ್ಲಿ ನೋಡಿದರು. ದೊಡ್ಡದಾಗಿ ಪ್ರಿಂಟ್ ಮಾಡಿಸಿ ಊಟದ ಮೇಜಿನ ಮೇಲೆ ಹರಡಿದರು. ಸಂಜೆ ವಾಕಿಂಗಿಗೆ ನನ್ನನ್ನೂ ಕರೆದುಕೊಂಡು ಹೊರಟರು. ಗೆರೆ ಹೋದಲ್ಲೆಲ್ಲ ನಾವೂ ಹೋದೆವು. ಹಳ್ಳದ ಪಕ್ಕದಲ್ಲಿ ಸ್ವಲ್ಪ ದೂರ ನೆಟ್ಟಗೆ ಹೋಗಿ, ಇದ್ದಕ್ಕಿದ್ದ ಹಾಗೆ ಹಳ್ಳ ಬಿಟ್ಟು, ಮೇಲೆ ಹತ್ತಿ, ನಮ್ಮ ಬೀದಿಗೆ ಬಂದು, ಬೀದಿಯ ನಟ್ಟನಡುವೆ ಹೋಗುತ್ತಿತ್ತು. ನಮ್ಮ ಸಾಲಿನ ಮನೆಗಳು ಒಂದು ಕ್ಷೇತ್ರ, ಎದುರು ಸಾಲಿನವು ಇನ್ನೊಂದು. ಇಡೀ ಬೀದಿಯ ಟಪಾಲು ಪೆಟ್ಟಿಗೆಗಳ ಸ್ಟ್ಯಾಂಡ್ ಇರುವುದು ಎದುರು ಸಾಲಿನಲ್ಲಿ.

‘ನೋಡೇ, ಇನ್ನು ಮೇಲೆ ಕಾಗದ ತರಬೇಕಾದರೆ ಬೇರೆ ಕ್ಷೇತ್ರಕ್ಕೆ ಹೋಗಬೇಕು.’

‘ಪಾಸ್‌ಪೋರ್ಟ್ ಕೇಳದಿದ್ದರೆ ಸಾಕು,’ ಎಂದೆ ನಾನು.

ಅವರು ನಗಲಿಲ್ಲ. ಬೀದಿಯ ಮಧ್ಯೆ ನಿಂತು ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದರು. ‘ನಾನು ಇಷ್ಟು ವರ್ಷ ಗೆರೆ ಎಳೆದಿದ್ದೀನಿ. ಗೆರೆಗೆ ಒಂದು ಕಾರಣ ಇರಬೇಕು. ಇದಕ್ಕಿರೋ ಕಾರಣ ಇಲ್ಲಿ ಕಾಣಿಸ್ತಿಲ್ಲ, ಯಾರದೋ ಆಫೀಸಿನಲ್ಲಿದೆ,’ ಎಂದರು. ಹಿಂದಿನಿಂದ ಬಂದ ಕಾರಿನವನು ಹಾರ್ನ್ ಮಾಡದೆ ತಾಳ್ಮೆಯಿಂದ ಕಾದಿದ್ದ.

ನಕ್ಷೆಯ ಬಗ್ಗೆ ಸಮಿತಿಯ ಮುಂದೆ ಯಾರು ಬೇಕಾದರೂ ಹೋಗಿ ಮಾತಾಡಬಹುದಿತ್ತು. ಮೂರು ನಿಮಿಷ. ಅವರು ಅಡುಗೆಮನೆಯಲ್ಲಿ ಮೈಕ್ರೋವೇವಿನ ಟೈಮರ್ ಇಟ್ಟು ಅಭ್ಯಾಸ ಮಾಡಿದರು. ಮೊದಲ ಸಲ ನಮಸ್ಕಾರ ಹೇಳಿ ತಮ್ಮ ಹಿನ್ನೆಲೆ ಹೇಳುವಷ್ಟರಲ್ಲೇ ಅದು ಕೂಗಿತು. ‘ಸ್ವಾಗತ ಭಾಷಣ ಬಿಡಿ, ಇದು ಕನ್ನಡ ಸಂಘ ಅಲ್ಲ,’ ಎಂದು ನಾನು ಹೇಳಿದೆ. ಅದನ್ನು ಮಾತ್ರ ಎದುರು ಮಾತಿಲ್ಲದೆ ಒಪ್ಪಿಕೊಂಡರು.

ರಾಜಧಾನಿ ಆಸ್ಟಿನ್‌ಗೆ ನಾನೂ ಹೋಗಿದ್ದೆ. ಶಾಸನಸಭೆಯ ಆ ಕೆಂಪು ಕಲ್ಲಿನ ದೊಡ್ಡ ಕಟ್ಟಡವನ್ನು ನಾವು ಮೊದಲು ನೆಂಟರಿಗೆ ತೋರಿಸಲೆಂದು ನೋಡಿದ್ದೆವು. ಗುಮ್ಮಟದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದೆವು. ಸಮಿತಿಗಳು ಕೂರುವುದು ಅಲ್ಲಲ್ಲ, ನೆಲದಡಿಯ ಅಂತಸ್ತುಗಳಲ್ಲಿ. ಅಲ್ಲಿ ಹೆಸರು ನೋಂದಾಯಿಸುವಾಗ ಪರವೋ, ವಿರೋಧವೋ, ಎರಡೂ ಅಲ್ಲದೆ ಬರೀ ವಿಷಯದ ಮೇಲೋ ಎಂದು ಆರಿಸಬೇಕು. ಅವರು ‘ವಿರೋಧ’ ಆರಿಸಿದರು. ‘ಆ ಮೂರನೇದು ನಿನಗೆ,’ ಎಂದು ನನ್ನ ಕಡೆ ನೋಡಿ ಅಂದರು.

ಕಾದು ಕಾದು ಮಧ್ಯಾಹ್ನ ಕಳೆದ ಮೇಲೆ ಸರದಿ ಬಂತು. ತೆಳು ನೀಲಿ ಅಂಗಿ, ಹಳೆಯ ಟೈ. ಮೇಜಿನ ಮೇಲೆ ಕೈ ಇಟ್ಟು, ನಿಧಾನವಾಗಿ, ಬೀದಿ ಹೇಗಿದೆ, ಹಳ್ಳ ಎಲ್ಲಿದೆ, ಗೆರೆ ಎಲ್ಲಿ ದಾರಿ ತಪ್ಪಿದೆ ಎಂದು ಹೇಳಿದರು. ನಕ್ಷೆ ಮಂಡಿಸಿದ ಪ್ರತಿನಿಧಿಯೂ ಸಮಿತಿಯಲ್ಲಿದ್ದರು. ಎತ್ತರದ ಮನುಷ್ಯ, ಬಿಳಿ ಕೂದಲು. ಅವರು ಒಂದೇ ಪ್ರಶ್ನೆ ಕೇಳಿದರು. ‘ನೀವಾಗಿದ್ದರೆ ಗೆರೆಯನ್ನು ಎಲ್ಲಿ ಎಳೆಯುತ್ತಿದ್ದಿರಿ, ಸರ್?’

‘ಹಳ್ಳದ ಮೇಲೆ. ಅದು ನಿಮಗಿಂತ ನನಗಿಂತ ಮುಂಚೆ ಅಲ್ಲಿತ್ತು.’

ಕೂತವರಲ್ಲಿ ಕೆಲವರು ನಕ್ಕರು. ಪ್ರತಿನಿಧಿಯೂ ಸ್ವಲ್ಪ ನಕ್ಕು, ಬಂದದ್ದಕ್ಕೆ ವಂದನೆ ಹೇಳಿದರು. ಗೆರೆ ನಮ್ಮ ಬೀದಿಯ ನಡುವೆಯೇ ಉಳಿಯಿತು. ಎರಡು ವರ್ಷದ ನಂತರ ನಕ್ಷೆಗಳ ಚರ್ಚೆ ಮತ್ತೆ ಬಂದಾಗ ಮತ್ತೆ ಹೋಗಿ ಅದನ್ನೇ ಹೇಳಿದರು. ಆಗಲೂ ಏನೂ ಬದಲಾಗಲಿಲ್ಲ. ಅದೇ ಬೇಸಿಗೆ ದೇಶದ ದೊಡ್ಡ ಕೋರ್ಟು ಒಂದು ತೀರ್ಪು ಕೊಟ್ಟಿತು: ಮತದಾನದ ನಿಯಮ, ನಕ್ಷೆ ಬದಲಾಯಿಸುವ ಮುಂಚೆ ಟೆಕ್ಸಸ್‌ನಂಥ ರಾಜ್ಯಗಳು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕಿದ್ದ ಹಳೆಯ ಏರ್ಪಾಡು ನಿಂತುಹೋಯಿತು. ಆ ಭಾನುವಾರದ ಫೋನು ಎಷ್ಟು ಹೊತ್ತು ನಡೆಯಿತೆಂದರೆ ನಾನು ಎದ್ದು ಬಟ್ಟೆ ಮಡಿಸಿ ಬಂದರೂ ಮುಗಿದಿರಲಿಲ್ಲ.

2014ರ ಶರತ್ಕಾಲದಲ್ಲಿ ಅವರು ಹೋದರು. ಹೃದಯ. ಆಸ್ಪತ್ರೆಯಲ್ಲಿ ಕೆಲವೇ ದಿನ ಇದ್ದರು. ಆ ದಿನಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಜನವರಿಯಲ್ಲಿ ಶಾಸನಸಭೆ ಸೇರಿತು. ಟೆಕ್ಸಸ್‌ನ ಸಭೆ ಎರಡು ವರ್ಷಕ್ಕೊಮ್ಮೆ, ನೂರ ನಲವತ್ತು ದಿನ ಮಾತ್ರ ಸೇರುವುದು. ಅಂತರ್ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಸರ್ಕಾರದ ದರ್ಬಾರು ನೋಡಿ ಸಾಕಾಗಿದ್ದ ಜನ, ಯಾರ ಕೈಗೂ ಹೆಚ್ಚು ಅಧಿಕಾರ ಹೋಗಬಾರದೆಂದು ಹೀಗೆ ಬರೆದಿಟ್ಟರಂತೆ. ಆ ಸಭೆಯಲ್ಲಿ ಒಂದು ಪದ್ಧತಿ ಇದೆ. ರಾಜ್ಯದ ಯಾವುದಾದರೂ ನಾಗರಿಕ ತೀರಿಕೊಂಡಿದ್ದರೆ, ಅವರ ಕಡೆಯ ಸದಸ್ಯರು ಸಂತಾಪ ನಿರ್ಣಯ ಮಂಡಿಸಬಹುದು. ದೊಡ್ಡ ಮನುಷ್ಯರೇ ಆಗಬೇಕೆಂದಿಲ್ಲ. ಅಂಗಡಿಯವರು, ಶಾಲೆಯ ಬಸ್ ಓಡಿಸಿದವರು, ಯಾರಾದರೂ ಆಗಬಹುದು. ಮನೆಯವರು ಗ್ಯಾಲರಿಯಲ್ಲಿ ಕೂರುತ್ತಾರೆ.

ಇದು ನನಗೆ ಗೊತ್ತಾದದ್ದು ಡಾಕ್ಟರಿಂದ. ನಮ್ಮವರಿಗೆ ಇಲ್ಲಿನ ಸರ್ಕಾರದ ಪ್ರಶಸ್ತಿಪತ್ರಗಳ ಮೇಲೆ ತುಂಬ ಪ್ರೀತಿ. ರಾಜ್ಯೋತ್ಸವಕ್ಕೆ ಮೇಯರ್ ಕಚೇರಿಯಿಂದ ಒಂದು ಪತ್ರ ತರಿಸಿ ಕಟ್ಟು ಹಾಕಿಸದಿದ್ದರೆ ಸಂಘಕ್ಕೆ ಆ ವರ್ಷ ಆದ ಹಾಗೇ ಅಲ್ಲ. ಆ ಪತ್ರಗಳನ್ನು ತರಿಸುವ ಕಲೆ ಡಾಕ್ಟರಿಗೆ ಕರಗತ. ಅವರು ನನ್ನನ್ನು ಕೇಳದೆ ನಮ್ಮ ಪ್ರತಿನಿಧಿಯ ಕಚೇರಿಗೆ ಬರೆದಿದ್ದರು, ವಿವರಗಳನ್ನೂ ಕಳಿಸಿದ್ದರು. ಫೆಬ್ರವರಿಯಲ್ಲಿ ಕಚೇರಿಯಿಂದ ನಿರ್ಣಯದ ಕರಡು ನನ್ನ ಇಮೇಲಿಗೆ ಬಂತು. ಪ್ರತಿನಿಧಿ ಅದೇ ಬಿಳಿ ಕೂದಲಿನವರು. ಗೆರೆಯ ನಮ್ಮ ಪಕ್ಕ ಅವರ ಪಾಲಿಗೆ ಬಂದಿತ್ತು.

ಮೇಜಿನ ಮುಂದೆ ಕೂತು ನಿಧಾನವಾಗಿ ಓದಿದೆ. ಪ್ರತಿ ಪ್ಯಾರಾವೂ ಒಂದೇ ಶಬ್ದದಿಂದ ಶುರುವಾಗುತ್ತಿತ್ತು, ನಮ್ಮ ಕಡೆಯ ಹಳೆಯ ಕ್ರಯಪತ್ರಗಳಲ್ಲಿ ‘ಕ್ರಮವೇನೆಂದರೆ’ ಎಂದು ಬರುವ ಹಾಗೆ. ಹುಟ್ಟಿದ ಊರು, ಓದು, ಮಾಡಿಸಿದ ರಸ್ತೆಗಳು, ದೇವಸ್ಥಾನದ ಪಾರ್ಕಿಂಗಿಗೆ ಬಿಡಿಸಿಕೊಟ್ಟ ನಕ್ಷೆ. ಎಲ್ಲ ಸರಿಯಿತ್ತು. ಕೊನೆಯ ಹತ್ತಿರ ಹೀಗಿತ್ತು: ಅವರು ಜೀವನದಲ್ಲಿ ಯಾರೊಬ್ಬರ ವಿರುದ್ಧವೂ ಒಂದು ಮಾತು ಆಡಿದವರಲ್ಲ.

ಸೋಫಾದ ತುದಿಯಲ್ಲಿ ಕೂತವರ ಮಾತು ನನ್ನ ಜೊತೆಗೆ ಮುಗಿದುಹೋಗುತ್ತದೆ. ಇದು ಹಾಗಲ್ಲ. ನಮ್ಮ ಯಜಮಾನರು ವಿರೋಧ ಎಂದು ಹೆಸರು ಕೊಟ್ಟು ಮಾತಾಡಿದ ಅದೇ ಕಟ್ಟಡದಲ್ಲಿ, ಅವರು ಯಾವತ್ತೂ ವಿರೋಧಿಸಿದವರಲ್ಲ ಎಂದು ಬರೆದು ಇಡುತ್ತಾರೆ. ನಾಳೆ ನನ್ನ ನೆನಪು ಕೆಟ್ಟರೆ ನಾನೂ ಅದನ್ನೇ ನಂಬಬಹುದು.

ಮಗಳಿಗೆ ಫೋನ್ ಮಾಡಿದೆ. ಅವಳು ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನಲ್ಲಿರುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ; ಕೋಪ ಬಂದಾಗ ಮಾತ್ರ ಅರ್ಧಂಬರ್ಧ ಆಡುತ್ತಾಳೆ.

‘ಅಮ್ಮಾ, ನೋ. ಸಿಂಪಲ್ ನೋ. ಅಪ್ಪ ಅಷ್ಟು ಹೇಳಿದ್ರೂ ಅವರು ಕೇಳಲಿಲ್ಲ. ಈಗ ಒಂದು ಫೋಟೊ ಬೇಕು ಅವರಿಗೆ, ಸೀರೆ ಉಟ್ಟ ವಿಡೋ ಜೊತೆ. ನಾನು ಬರಲ್ಲ.’

‘ಅವರು ಬೇಕು ಅಂದಿಲ್ಲ ಕಣೇ. ಅಂಕಲ್ ಬರೆದು ಕೇಳಿದ್ದು.’

‘ದೆನ್ ಅಂಕಲ್ ಫೋಟೊ ತೆಗೆಸ್ಕೊಳ್ಳಲಿ.’

ಅವಳು ಹೇಳಿದ ಹಾಗೆ ಬೇಡವೆಂದು ಬಿಡುವುದು ಸುಲಭವಿತ್ತು. ಆದರೆ ಆ ಸಭೆಯ ಬಗ್ಗೆ ನಮ್ಮ ಯಜಮಾನರಿಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಗೌರವವೂ ಇತ್ತು. ಗೌರವ ಇಲ್ಲದ ಜಾಗಕ್ಕೆ ಯಾರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಷ್ಟು ದೂರ ಡ್ರೈವ್ ಮಾಡಿಕೊಂಡು, ಎರಡೆರಡು ಸಲ ಹೋಗುವುದಿಲ್ಲ. ನನಗೆ ನಿರ್ಣಯ ಬೇಕಿತ್ತು. ಆ ವಾಕ್ಯ ಬೇಕಿರಲಿಲ್ಲ.

ಕಚೇರಿಗೆ ಫೋನ್ ಮಾಡಿದೆ. ಅಪರಿಚಿತರ ಜೊತೆ ಇಂಗ್ಲಿಷಿನಲ್ಲಿ ಫೋನ್ ಮಾತಾಡುವುದೆಲ್ಲ ಯಜಮಾನರ ಪಾಲಿಗಿತ್ತು, ನನಗೆ ಅಭ್ಯಾಸವಿಲ್ಲ. ಎತ್ತಿದವಳು ಎಳೆಯ ದನಿಯ ಹುಡುಗಿ, ನಿರ್ಣಯಗಳ ಕೆಲಸ ನೋಡಿಕೊಳ್ಳುವವಳು. ಆ ವಾಕ್ಯ ತೆಗೆಯಬೇಕೆಂದು ಹೇಳಿದೆ.

‘ಖಂಡಿತ, ಮ್ಯಾಮ್. ಅದು ನಿಮ್ಮ ಸ್ನೇಹಿತರು ಕಳಿಸಿದ ವಿವರದಲ್ಲಿತ್ತು. ಅದರ ಜಾಗದಲ್ಲಿ ಬೇರೆ ಏನಾದರೂ ಹಾಕಬೇಕಾ?’

‘ಹೌದು. ಅವರು ವಿರೋಧಿಸಿದರು ಅಂತ ಹಾಕಿ.’

‘ಏನನ್ನ ವಿರೋಧಿಸಿದರು ಅಂತ, ಮ್ಯಾಮ್?’

‘ನಿಮ್ಮ ಸಾಹೇಬರ ನಕ್ಷೆಯನ್ನ.’

ಅವಳು ಅದನ್ನು ಟೈಪ್ ಮಾಡಿಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಅವಳು, ‘ನಾನು ಕೇಳಿ ಹೇಳ್ತೀನಿ, ಮ್ಯಾಮ್. ಇಂಥದ್ದನ್ನ ಇದುವರೆಗೆ ಯಾರೂ ಕೇಳಿಲ್ಲ,’ ಎಂದಳು.

ಆ ವಾರ ಡಾಕ್ಟರ ಹೆಂಡತಿ ಹ್ಯೂಸ್ಟನ್‌ಗೆ ಬರಹೇಳಿದರು. ಮನೆಯಲ್ಲೇ ಕೂತಿದ್ದರೆ ಆಗದು, ಎರಡು ದಿನ ಇದ್ದು ಹೋಗಿ ಎಂದು. ಮಧ್ಯಾಹ್ನ ಮೂವರೂ ನಮ್ಮ ದೇಶದವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ರಸ್ತೆಯ ಹೋಟೆಲಿಗೆ ಊಟಕ್ಕೆ ಹೋದೆವು. ಸೀರೆ ಅಂಗಡಿಗಳ ಮುಂದೆ ಎಂದಿನ ಹಾಗೆ ಪಾರ್ಕಿಂಗ್ ಸಿಗದೆ ಸುತ್ತು ಹೊಡೆದು ಒಳಗೆ ಹೋಗಿ ಕೂತೆವು. ನೀರು ತಂದಿಡುವ ಮುಂಚೆಯೇ ಡಾಕ್ಟರು ಶುರು ಮಾಡಿದರು. ಕಚೇರಿಯ ಹುಡುಗಿ ಅವರಿಗೂ ಫೋನ್ ಮಾಡಿದ್ದಳಂತೆ.

‘ಅಲ್ರಿ ವೈನಿ, ಇದೇನ್ರಿ ನೀವು ಹೇಳಿದ್ದು? ಸತ್ತ ಮನಿಷ್ಯಾನ ಬಗ್ಗೆ ಹಂಗ ಬರಸ್ತಾರೇನ್ರಿ? ಅವ್ರು ಮರ್ಯಾದಿ ಕೊಡ್ಲಿಕ್ಕೆ ಹತ್ಯಾರ, ನೀವು ಅವ್ರಿಗೇ ಬೈಸ್ಲಿಕ್ಕೆ ಹೊಂಟೀರಿ.’

‘ಬೈಗುಳ ಅಲ್ಲ ಡಾಕ್ಟ್ರೇ. ಇವರು ಎದ್ದು ನಿಂತು ಬೇಡ ಅಂದರು. ಅಷ್ಟೇ ಬರೀಲಿ.’

‘ನಾ ಬರದದ್ದರಾಗ ತಪ್ಪೇನದ? ಎಲ್ಲಾರಿಗೂ ಹಂಗೇ ಬರೀತಾರ್ರಿ.’

‘ಎಲ್ಲರಿಗೂ ಬರೆಯೋದನ್ನ ಇವರಿಗೂ ಬರೆದರೆ ಇವರು ಎಲ್ಲಿ ಉಳಿದರು?’

ಡಾಕ್ಟರ ಹೆಂಡತಿ ಉಪ್ಪಿನಕಾಯಿ ಬಟ್ಟಲನ್ನು ಗಂಡನ ಕಡೆ ಸರಿಸಿದರು. ‘ಯಾರ ವಿರುದ್ಧನೂ ಮಾತಾಡ್ಲಿಲ್ಲಂತ! ನಿಮ್ಮನ್ನ ಎಷ್ಟು ಸಲ ಮೊಂಡ ಅಂದಾರ ಅವ್ರು. ಸ್ಪೀಕರ್ ಫೋನಿನ್ಯಾಗ ನಾನೂ ಕೇಳೀನ್ರಿ.’

‘ಮೊಂಡ ಅಂತ ಅಂದಿಲ್ಲ. ಓದಿದ ಮೊಂಡ ಅಂದಿದ್ದಾ,’ ಎಂದರು ಡಾಕ್ಟರು.

ನನಗೆ ನಗು ಬಂತು. ಅವರು ಹೋದ ಮೇಲೆ ಮೊದಲ ಸಲ ಇರಬೇಕು. ಡಾಕ್ಟರು ನಗಲಿಲ್ಲ. ಚಪಾತಿ ಮುರಿದು ತುಂಡನ್ನು ಹಾಗೇ ಹಿಡಿದುಕೊಂಡು ಕೂತರು. ‘ಭಾನುವಾರ ಬಂತಂದ್ರ ಏನ್ ಮಾಡ್ಬೇಕಂತ ತಿಳಿಯೂದಿಲ್ರಿ ವೈನಿ. ನಾ ಹೇಳಿದ್ದಕ್ಕೆಲ್ಲಾ ಇಲ್ಲೆ ಎಲ್ಲಾರೂ ಹೌದು ಅಂತಾರ. ಡಾಕ್ಟ್ರು ಹಿರಿಯರು ಅಂತ.’ ತುಂಡನ್ನು ತಟ್ಟೆಗೆ ಹಾಕಿ, ‘ಆತು, ನಿಮ್ಮ ಮನಸ್ಸಿದ್ದಂಗ ಆಗ್ಲಿ. ಆದ್ರ ಅವ್ರು ಬರ್ಯೂದಿಲ್ಲ, ನೋಡ್ತಿರ್ರಿ,’ ಎಂದರು.

ಅವರು ಹೇಳಿದ ಹಾಗೇ ಆಯಿತು. ಎರಡನೆಯ ಕರಡು ಬಂದಾಗ ಆ ವಾಕ್ಯದ ಜಾಗದಲ್ಲಿ, ಅವರು ರಾಜ್ಯದ ಸಾರ್ವಜನಿಕ ವಿಷಯಗಳಲ್ಲಿ ಬಹಳ ಆಸಕ್ತಿ ಹೊಂದಿದ್ದರು ಎಂದಿತ್ತು. ಸುಳ್ಳಲ್ಲ. ಆದರೆ ಇದನ್ನು ಪತ್ರಿಕೆ ಓದುವ ಯಾರ ಬಗ್ಗೆ ಬೇಕಾದರೂ ಹೇಳಬಹುದು. ನಾನು ಇಡೀ ಬೆಳಿಗ್ಗೆ ಕೂತು ಇಂಗ್ಲಿಷಿನಲ್ಲಿ ಉತ್ತರ ಬರೆದೆ. ಮಗಳಿಗೆ ತೋರಿಸಲಿಲ್ಲ, ತಪ್ಪಿದ್ದರೆ ಇರಲಿ ಎಂದುಕೊಂಡೆ. ನನ್ನ ಗಂಡ ನಿಮ್ಮ ಸಮಿತಿಯ ಮುಂದೆ ಬಂದು ನಕ್ಷೆ ತಪ್ಪು ಎಂದು ಹೇಳಿದರು. ಅವರು ಈ ರಾಜ್ಯಕ್ಕೆ ಕೊಟ್ಟದ್ದರಲ್ಲಿ ರಸ್ತೆಗಳಷ್ಟೇ ಅದೂ ಮುಖ್ಯ. ಅದನ್ನು ಬರೆಯಲು ಆಗದಿದ್ದರೆ ತೊಂದರೆಯಿಲ್ಲ, ನಿರ್ಣಯ ಬೇಡ. ನಿಮ್ಮ ಮೇಲೆ ಬೇಸರವಿಲ್ಲ. ಹೀಗೆ.

ಕಳಿಸಿದ ಮೇಲೆ ಲೆಕ್ಕ ಹಾಕಿದೆ. ಈ ಸಲ ತಪ್ಪಿದರೆ ಸಭೆ ಮತ್ತೆ ಸೇರುವುದು ಎರಡು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ದಿನಗಳು ಕಳೆದವು. ಬೀದಿಯ ಮರಗಳು ಚಿಗುರಿದವು. ನಾನು ಕಂಪ್ಯೂಟರ್ ತೆರೆಯುವುದನ್ನೇ ಬಿಟ್ಟೆ.

ಏಪ್ರಿಲ್‌ನಲ್ಲಿ ಆ ಹುಡುಗಿಯೇ ಫೋನ್ ಮಾಡಿದಳು. ‘ಸಾಹೇಬರು ನಿಮ್ಮ ಇಮೇಲ್ ತಾವೇ ಓದಿದರು, ಮ್ಯಾಮ್. ಆ ದಿನ ನೆನಪಿದೆ ಅಂದರು. ವಾಕ್ಯ ಹಾಕಿದ್ದೀವಿ.’ ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವಳು ಸ್ವಲ್ಪ ದನಿ ತಗ್ಗಿಸಿ, ‘ನನಗೆ ಖುಷಿಯಾಯಿತು,’ ಎಂದಳು.

ನಿರ್ಣಯ ಓದುವ ದಿನಕ್ಕೆ ಡಾಕ್ಟರು ಹ್ಯೂಸ್ಟನ್ನಿನಿಂದ ಬಂದರು. ಬರುವುದಿಲ್ಲ ಎಂದಿದ್ದ ಮಗಳೇ ಜಾರ್ಜ್‌ಟೌನಿನಿಂದ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದಳು. ‘ನಾನು ಡ್ರೈವರ್ ಅಷ್ಟೇ, ಒಳಗೆ ಬರಲ್ಲ,’ ಎಂದವಳು ಗ್ಯಾಲರಿಯ ಮೆಟ್ಟಿಲು ನಮಗಿಂತ ಮೊದಲು ಹತ್ತಿದಳು.

ಗ್ಯಾಲರಿಯಿಂದ ಕೆಳಗೆ ಸಾಲುಸಾಲು ಮರದ ಮೇಜುಗಳು ಕಾಣುತ್ತಿದ್ದವು. ಸದಸ್ಯರು ಅಲ್ಲಲ್ಲಿ ನಿಂತು ಮಾತಾಡುತ್ತಿದ್ದರು, ಒಬ್ಬರು ಬಾಳೆಹಣ್ಣು ತಿನ್ನುತ್ತಿದ್ದರು, ಬಹಳ ಜನ ಫೋನ್ ನೋಡುತ್ತಿದ್ದರು. ಸಂತೆಯ ಗದ್ದಲದ ಹಾಗಿತ್ತು. ಪ್ರತಿನಿಧಿ ಮುಂದಿನ ಮೈಕಿಗೆ ಬಂದು, ಇದು ಸಂತಾಪ ನಿರ್ಣಯ ಎಂದಾಗ ಗದ್ದಲ ಇಳಿಯಿತು. ಒಬ್ಬ ಗುಮಾಸ್ತರು ಪೂರ್ತಿ ಓದಿದರು. ನಮ್ಮ ಹೆಸರುಗಳು ಅವರ ಬಾಯಲ್ಲಿ ಸ್ವಲ್ಪ ಮುರಿದು ಹೋದವು. ಊರು, ಓದು, ರಸ್ತೆಗಳು. ಆಮೇಲೆ, ಕ್ಷೇತ್ರ ಮರುವಿಂಗಡಣೆಯ ಸಮಿತಿಯ ಮುಂದೆ ಎರಡು ಬಾರಿ ಖುದ್ದಾಗಿ ಹಾಜರಾಗಿ, ಪ್ರಸ್ತಾಪಿತ ನಕ್ಷೆಯನ್ನು ವಿನಯದಿಂದಲೂ ದೃಢವಾಗಿಯೂ ವಿರೋಧಿಸಿದರು ಎಂದು ಓದಿದರು. ‘ವಿನಯದಿಂದಲೂ’ ನಾನು ಕೇಳಿದ್ದಲ್ಲ, ಆದರೆ ಅದು ನಿಜ. ಕೆಳಗೆ ಒಂದಿಬ್ಬರು ತಲೆ ಎತ್ತಿ ಪ್ರತಿನಿಧಿಯ ಮುಖ ನೋಡಿದರು. ಬಾಳೆಹಣ್ಣಿನವರು ನಕ್ಕರು.

ಇಂಥ ನಿರ್ಣಯಕ್ಕೆ ಹಸಿರು ದೀಪ, ಕೆಂಪು ದೀಪದ ಮತವಿಲ್ಲ. ಎಲ್ಲರೂ ಎದ್ದು ನಿಲ್ಲುವುದೇ ಮತ. ಎದ್ದು ನಿಂತರು. ಆಗ ಇನ್ನೊಬ್ಬ ಸದಸ್ಯೆ, ನಿರ್ಣಯಕ್ಕೆ ಎಲ್ಲ ಸದಸ್ಯರ ಹೆಸರನ್ನೂ ಸೇರಿಸಬೇಕೆಂದು ಕೇಳಿದರು. ಅದೂ ಇಲ್ಲಿನ ರೂಢಿಯಂತೆ. ಯಾರ ಆಕ್ಷೇಪವೂ ಬರಲಿಲ್ಲ. ಆ ನಕ್ಷೆಗೆ ಹೌದು ಎಂದವರು, ಅಲ್ಲ ಎಂದವರು, ಆಮೇಲೆ ಗೆದ್ದು ಬಂದ ಹೊಸಬರು, ಎಲ್ಲರ ಹೆಸರೂ ಅದರ ಕೆಳಗೆ ಬಂತು. ನಮ್ಮನ್ನು ಎದ್ದು ನಿಲ್ಲಲು ಹೇಳಿದರು. ಮಗಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೆಳಗೆ ಜನ ಮತ್ತೆ ಫೋನ್ ತೆಗೆದರು. ಮುಂದಿನ ಹೆಸರು ಕರೆದರು.

ಹೊರಗಿನ ಹಾದಿಯಲ್ಲಿ ಪ್ರತಿನಿಧಿ ನಮಗಾಗಿ ಕಾದಿದ್ದರು. ಹತ್ತಿರದಿಂದ ನೋಡಿದರೆ ಅವರಿಗೂ ವಯಸ್ಸಾಗಿತ್ತು. ನನ್ನ ಕೈ ಕುಲುಕಿ, ಸಂತಾಪದ ಮಾತು ಹೇಳಿದರು. ಮಗಳು ಫೋಟೊಗ್ರಾಫರನ್ನು ಹುಡುಕುವವಳ ಹಾಗೆ ಸುತ್ತ ನೋಡಿದಳು. ಯಾರೂ ಇರಲಿಲ್ಲ.

ಅವರು ಹೋಗಲಿಲ್ಲ. ಸ್ವಲ್ಪ ಹಿಂಜರಿದು ಹೇಳಿದರು: ‘ಮ್ಯಾಮ್, ಇವತ್ತು ಹೇಳಬಾರದೇನೋ. ಆದರೆ ನಿಮ್ಮ ಯಜಮಾನರು ಹೇಳಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತೆ.’

‘ಅಯ್ಯೋ,’ ಎಂದಳು ಮಗಳು, ಕನ್ನಡದಲ್ಲೇ.

‘ಯಾಕೆ?’ ಎಂದು ನಾನು ಕೇಳಿದೆ.

ಅವರು ಅಂಗೈ ಚಾಚಿ ಅದರ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಎಲ್ಲ ಕ್ಷೇತ್ರಗಳಲ್ಲೂ ಜನಸಂಖ್ಯೆ ಹೆಚ್ಚು ಕಡಿಮೆ ಸಮ ಇರಬೇಕು, ಅದು ನಾವು ಮಾಡಿದ ನಿಯಮವಲ್ಲ, ಬಹಳ ಹಿಂದೆ ಕೋರ್ಟು ಮಾಡಿದ್ದು, ಒಳ್ಳೆಯ ನಿಯಮ. ಹಳ್ಳದ ಮೇಲೆ ಗೆರೆ ಎಳೆದಿದ್ದರೆ ಈ ಕಡೆ ಜನ ಹೆಚ್ಚಾಗುತ್ತಿದ್ದರು, ಎಲ್ಲೋ ಒಂದು ಬೀದಿ ಒಡೆಯಲೇಬೇಕಿತ್ತು, ಯಾರ ಬೀದಿ ಒಡೆದರೂ ಅವರು ಆಸ್ಟಿನ್‌ಗೆ ಬರುತ್ತಿದ್ದರು. ಆ ದಿನ ಇದನ್ನು ನಿಮ್ಮ ಯಜಮಾನರಿಗೆ ಹೇಳಬೇಕಿತ್ತು, ಸಮಯವಿರಲಿಲ್ಲ, ಎಂದರು.

ನಾನು ಅವರ ಅಂಗೈ ನೋಡುತ್ತ ನಿಂತೆ. ಆರು ತಿಂಗಳಿಂದ ನಮ್ಮ ಯಜಮಾನರ ಬಗ್ಗೆ ಆಡಿದವರೆಲ್ಲ ಒಳ್ಳೆಯದನ್ನೇ ಆಡಿ ಮುಗಿಸುತ್ತಿದ್ದರು. ಈ ಮನುಷ್ಯ ಅವರ ಜೊತೆ ಇನ್ನೂ ಜಗಳ ಮುಗಿಸಿರಲಿಲ್ಲ. ‘ಹಾಗಲ್ಲ’ ಎಂದು ಆ ದನಿ ನನ್ನ ಕಿವಿಯಲ್ಲಿ ಸ್ಪಷ್ಟವಾಗಿ ಬಂತು, ಅದರ ಮುಂದಿನ ಮಾತು ಮಾತ್ರ ಬರಲಿಲ್ಲ.

‘ಇದಕ್ಕೆ ಅವರ ಹತ್ತಿರ ಉತ್ತರ ಇರುತ್ತಿತ್ತು. ನನಗೆ ಗೊತ್ತಿಲ್ಲ,’ ಎಂದೆ.

‘ಇರುತ್ತಿತ್ತು, ಅನುಮಾನವೇ ಇಲ್ಲ,’ ಎಂದರು ಅವರು. ಆಮೇಲೆ ಸಭೆಯ ಗಂಟೆ ಹೊಡೆಯಿತು, ಅವರು ಒಳಗೆ ಹೋದರು.

ಕಾರು ಹೆದ್ದಾರಿಗೆ ಬಂತು. ಮೊದಲು ಶುರು ಮಾಡಿದ್ದು ಡಾಕ್ಟರು.

‘ಅವ್ರು ಹೇಳೂದ್ರಾಗೂ ಅರ್ಥ ಅದರಿ. ಜನಸಂಖ್ಯಾ ಸಮ ಮಾಡ್ಬೇಕಂದ್ರ ಎಲ್ಲೋ ಒಂದ್ ಕಡೆ ಕೊಯ್ಯಬೇಕಲ್ಲ.’

‘ನೋ, ಅಂಕಲ್!’ ಮಗಳು ಪಕ್ಕದ ಸೀಟಿನಲ್ಲಿದ್ದ ಅವರ ಕಡೆ ತಿರುಗಿದಳು. ‘ಕೊಯ್ಯಲಿ. ಆದರೆ ಬೀದಿ ಮಧ್ಯೆ ಯಾಕೆ? ಹೈವೇ ಆಚೆ ಆ ಅಪಾರ್ಟ್‌ಮೆಂಟ್ಸ್ ಇದಾವಲ್ಲ, ಅಲ್ಲಿ ತಗೊಳ್ಳಲಿ.’

‘ಅಲ್ಲೆ ತಗೊಂಡ್ರ ಮೂರನೇ ಕ್ಷೇತ್ರ ಕೆಡ್ತದವಾ.’

‘ಅಪ್ಪ ಇದ್ದಿದ್ರೆ ಇದನ್ನೇ ಹೇಳ್ತಿದ್ರು.’

‘ನಿಮ್ಮಪ್ಪ ಹಂಗ ಹೇಳ್ತಿರಲಿಲ್ಲ. ನಿಮ್ಮಪ್ಪ ಮೊದ್ಲು ನಕ್ಷಿ ಕೇಳ್ತಿದ್ದಾ.’

‘ಆ ಅಪಾರ್ಟ್‌ಮೆಂಟುಗಳು ಹೈವೇ ಆಚೆಗಲ್ಲ, ಈಚೆಗಿವೆ,’ ಎಂದೆ ನಾನು ಹಿಂದಿನ ಸೀಟಿನಿಂದ.

ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಮಗಳು ಆಚೆಗೇ ಎಂದಳು, ಡಾಕ್ಟರು ಎಲ್ಲಿದ್ದರೂ ಲೆಕ್ಕ ಅದೇ ಎಂದರು, ನಾನು, ‘ಅಲೆನ್‌ನಲ್ಲಿ ಇರುವವಳು ನಾನು, ನೀವಿಬ್ಬರಲ್ಲ,’ ಎಂದೆ. ದಾರಿಯ ರೌಂಡ್ ರಾಕ್ ಊರು ದಾಟಿತು. ಜಾರ್ಜ್‌ಟೌನಿನಲ್ಲಿ ಅವಳ ಮನೆಯ ಮುಂದೆ ಕಾರು ನಿಂತಾಗ ಡಾಕ್ಟರು ಅರ್ಧ ವಾಕ್ಯದಲ್ಲಿದ್ದರು. ಎಂಜಿನ್ ಆಫ್ ಆಗಿ ಒಳಗೆ ಸೆಖೆ ಏರತೊಡಗಿತು. ಯಾರೂ ಬಾಗಿಲು ತೆಗೆಯಲಿಲ್ಲ.